ಹಸಿ ಗುಡ್ಡ

ಮನೆಯಲ್ಲಿ ಅವಳಿಗೆ ಇಟ್ಟ ಅಡ್ಡಹೆಸರು ತದ್ರೂಪು. ಚಿಕ್ಕಂದಿನಲ್ಲಿ ಸೋದರತ್ತೆಯ ಚಿತ್ರ ಬರೆದು, ಮೂಗಿನ ಮೇಲಿನ ಗುಳ್ಳೆಯನ್ನೂ ಬಿಡದೆ ತೋರಿಸಿ, ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುವಂತೆ ಮಾಡಿದ್ದಳು. ಅತ್ತೆ ಮಾತ್ರ ಬಹಳ ದಿನ ಮುಖ ಊದಿಸಿಕೊಂಡೇ ಇದ್ದರು. ದೊಡ್ಡವಳಾಗಿ ಕಾಡುಪ್ರಾಣಿಗಳ ಚಿತ್ರ ಬರೆಯತೊಡಗಿದ ಮೇಲೂ ಆ ಚಾಳಿ ಹೋಗಲಿಲ್ಲ. ಮೊದಲು ಪ್ರಾಣಿಯನ್ನು ಬರೆದು ಒಣಗಲು ಬಿಡುವುದು, ಆಮೇಲೆ ಕ್ಯಾನ್ವಾಸನ್ನು ಹೊತ್ತುಕೊಂಡು ಅದನ್ನು ಕಂಡ ಜಾಗಕ್ಕೇ ಹೋಗಿ ಹಿನ್ನೆಲೆ ತುಂಬುವುದು. ಕಲ್ಲು ಇದ್ದ ಹಾಗೇ ಇರಬೇಕು, ಮರ ಇದ್ದ ಹಾಗೇ ಇರಬೇಕು. ಅವಳ ಹೆಮ್ಮೆಯೇ ಅದು.

ಈ ಸಲ ಬರೆದದ್ದು ಚಿಪ್ಪುಹಂದಿ. ಬಾಲದ ಮೇಲೆ ಮರಿಯನ್ನು ಕೂರಿಸಿಕೊಂಡು ಬಿಲದಿಂದ ಹೊರಬರುತ್ತಿರುವ ತಾಯಿ. ಅವಳ ಅಕ್ಕ ಪ್ರಾಣಿವೈದ್ಯೆ. ಗಾಯಗೊಂಡ ಕಾಡುಪ್ರಾಣಿಗಳಿಗೆಂದು ಊರಾಚೆ ಒಂದು ಆರೈಕೆ ಕೇಂದ್ರ ನಡೆಸುತ್ತಾಳೆ. ಅಲ್ಲಿ ಶಸ್ತ್ರಚಿಕಿತ್ಸೆಗೆ ಕೋಣೆ ಇಲ್ಲ. ಮೇವು ತುಂಬಿಡುವ ಕೊಠಡಿಯ ಮರದ ಮೇಜಿನ ಮೇಲೆಯೇ ಕೊಯ್ಯಬೇಕು, ಅಲ್ಲೇ ಹೊಲಿಯಬೇಕು. ಕೇಂದ್ರಕ್ಕೆ ಹಣ ಕೂಡಿಸಲು ಇಂದು ಸಂಜೆ ನಡೆಯುವ ಹರಾಜಿನಲ್ಲಿ ಈ ಚಿತ್ರ ಒಳ್ಳೆಯ ಬೆಲೆಗೆ ಹೋದರೆ ಆ ಕೋಣೆ ಎದ್ದು ನಿಲ್ಲುತ್ತದೆ.

"ಎಲ್ಲಾ ನಿನ್ನ ಕೈಯಲ್ಲೇ ಇದೆ ಕಣೇ," ಎಂದು ಅಕ್ಕ ಬೆಳಗಿನಿಂದ ಅವಳ ಪ್ರಾಣ ಹಿಂಡಿದ್ದಳು.

ಹಿನ್ನೆಲೆಯ ಬಣ್ಣ ಇನ್ನೂ ಆರಿರಲಿಲ್ಲ. ಹರಾಜಿನ ಸಭಾಂಗಣದಲ್ಲಿ ಚಿತ್ರದ ಕೆಳಗೆ ‘ಬಣ್ಣ ಹಸಿ ಇದೆ, ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿದ್ದರು. ಜನ ಬಂದು ನೋಡಿ, ಮರಿಯನ್ನು ಕಂಡು ಮುದ್ದುಗರೆದು ಮುಂದೆ ಹೋಗುತ್ತಿದ್ದರು. ಗರಿಗರಿ ಇಸ್ತ್ರಿ ಅಂಗಿಯವನೊಬ್ಬ ಮಾತ್ರ ನಿಂತಲ್ಲೇ ನಿಂತಿದ್ದ. ವಿಚಿತ್ರ ಎಂದರೆ, ಅವನ ಕಣ್ಣು ಪ್ರಾಣಿಯ ಮೇಲಲ್ಲ, ಹಿಂದಿನ ಗುಡ್ಡದ ಮೇಲೆಯೇ ಇತ್ತು.

"ನೀವೇ ಕಣ್ಣಾರೆ ನೋಡಿ ಬರೆದಿದ್ದಾ ಮೇಡಂ?"

"ಮತ್ತೆ? ಒಂದು ಹುಲ್ಲುಕಡ್ಡಿನೂ ನಾನು ಸುಮ್ಮಸುಮ್ಮನೆ ಸೇರಿಸೋಳಲ್ಲ," ಎಂದಳು. ಹೊಗಳಿಕೆ ಬರುತ್ತದೆಂದು ಕಾದಳು ಬೇರೆ, ಪಾಪ.

"ಅಂದ್ರೆ ಈ ಸೀಳುಬಂಡೆ, ಹಿಂದೆ ಗುಡ್ಡದ ಮೇಲೆ ಟವರು..."

"ಎಲ್ಲಾ ಇದ್ದ ಹಾಗೇ."

"ಮರಿ ಇಷ್ಟು ಚಿಕ್ಕದಿರುವಾಗ ತಾಯಿ ಬಿಲ ಬಿಟ್ಟು ದೂರ ಹೋಗಲ್ಲ, ಅಲ್ವಾ?"

ಹೌದು ಎನ್ನಲು ಹೊರಟವಳು ಅವನ ಕಣ್ಣು ಹೋದತ್ತ ತಿರುಗಿ ನೋಡಿದಳು.

"ಇದನ್ನ ನಾನೇ ತಗೋತೀನಿ, ಯಾರು ಎಷ್ಟೇ ಕೂಗಲಿ," ಎನ್ನುತ್ತ ಅವನು ಮೊಬೈಲ್ ತೆಗೆದ. "ಅದಕ್ಕೆ ಮುಂಚೆ ಒಂದು ಫೋಟೋ ನಮ್ಮವರಿಗೆ ಕಳಿಸಿಬಿಡ್ತೀನಿ. ಗುಡ್ಡ ಸುತ್ತೋ ಜನ. ನೋಡಿದ ತಕ್ಷಣ ಜಾಗ ಯಾವುದು ಅಂತ ಹೇಳಿಬಿಡ್ತಾರೆ."

ಅಕ್ಕನ ಮರದ ಮೇಜು ಅವಳ ಕಣ್ಣ ಮುಂದೆ ಬಂತು. ಹಿಂದೊಮ್ಮೆ ಕಳ್ಳಬೇಟೆಯವರ ಗೋಣಿಚೀಲದಿಂದ ಬಿಡಿಸಿ ತಂದಿದ್ದ ಚಿಪ್ಪುಹಂದಿಯನ್ನು ಅದರ ಮೇಲೆ ಮಲಗಿಸಿದ್ದರು. ಮಾರುವುದಕ್ಕೆಂದು ಅವರು ಚಿಪ್ಪನ್ನೆಲ್ಲ ಕಿತ್ತಿದ್ದರು. ಆದರೂ ಅದು ಆ ಬೋಳು ಮೈಯನ್ನೇ ಉಂಡೆ ಮಾಡಿಕೊಂಡು, ತನ್ನನ್ನು ಯಾರೂ ಮುಟ್ಟಲಾರರು ಎಂದು ನಂಬಿ ಮಲಗಿತ್ತು. ಅಂದು ರಾತ್ರಿ ಅಕ್ಕ ಊಟ ಮಾಡಿರಲಿಲ್ಲ.

ಅಯ್ಯೋ ನನ್ನ ಕೈ ಸೇದಿಹೋಗ, ಎಂದುಕೊಂಡಳು ತದ್ರೂಪು. ಬಿಲಕ್ಕೆ ದಾರಿ ಕೇಳುವವರಿಗೆ ತಾನೇ ಬಣ್ಣದಲ್ಲಿ ದಾರಿ ಬರೆದು, ಗೋಡೆಗೆ ತೂಗುಹಾಕಿ, ಪಕ್ಕದಲ್ಲಿ ನಗುತ್ತ ನಿಂತಿದ್ದಾಳೆ! ಈ ಮನುಷ್ಯ ಕಳ್ಳನೋ ಸಾಚಾನೋ ದೇವರಿಗೇ ಗೊತ್ತು. ಸಾಚಾ ಆದರೂ ಏನು ಬಂತು? ಯಾರ ಮನೆಯ ಗೋಡೆಗೆ ಹೋದರೂ ಬಂಡೆ ಬಂಡೆಯೇ, ಟವರು ಟವರೇ.

ಅವನು ಮೊಬೈಲ್ ಎತ್ತಿದ. ಅವಳು ಚಟ್ಟನೆ ಚಿತ್ರಕ್ಕೆ ಅಡ್ಡ ನಿಂತಳು.

"ಸ್ವಲ್ಪ ಸರೀರಿ ಮೇಡಂ."

"ಸರಿಯೋದಿಲ್ಲ."

"ಅರೆ, ಏನಾಯ್ತು?"

ಏನಾಯ್ತೆಂದು ಹೇಳಿದರೆ ಇದೇ ಜಾಗ ಎಂದು ತಾನೇ ಒಪ್ಪಿಕೊಂಡಂತೆ. ಅವಳು ಚೀಲಕ್ಕೆ ಕೈಹಾಕಿ ಬ್ರಷ್ ಒರೆಸುವ ಬಟ್ಟೆಯನ್ನೂ ಟರ್ಪೆಂಟೈನ್ ಬಾಟಲಿಯನ್ನೂ ತೆಗೆದಳು. ಬಟ್ಟೆ ತೋಯಿಸಿ, ತಿರುಗಿ, ಗುಡ್ಡದ ಮೇಲೆ ಒತ್ತಿ ಎಳೆದೇಬಿಟ್ಟಳು. ಗುಡ್ಡ ಆಕಾಶಕ್ಕೆ ಮೆತ್ತಿಕೊಂಡು ಕೆಸರಾಯಿತು. ಸಭಾಂಗಣದಲ್ಲಿ ಯಾರೋ ಕಿಟಾರನೆ ಕಿರುಚಿದರು.

ಹರಾಜು ಕೂಗಲು ವೇದಿಕೆ ಹತ್ತಿದ್ದ ಅಕ್ಕ ಅಲ್ಲಿಂದಲೇ ಓಡಿಬಂದಳು. "ಏನೇ ಮಾಡ್ತಿದ್ದೀಯ! ತಲೆಗಿಲೆ ಕೆಟ್ಟಿದೆಯಾ ನಿನಗೆ?"

ತದ್ರೂಪು ಅವಳ ಕಿವಿಯ ಹತ್ತಿರ ಬಾಯಿ ತಂದಳು. "ಅಕ್ಕಾ, ಬಿಲ ಎಲ್ಲಿದೆ ಅಂತ ನಾನೇ ಬರೆದಿಟ್ಟಿದ್ದೀನಿ. ಆ ಮನುಷ್ಯ ಅದನ್ನೇ ಓದ್ತಿದ್ದ."

ಅಕ್ಕ ಇಸ್ತ್ರಿ ಅಂಗಿಯವನನ್ನು ನೋಡಿದಳು, ಚಿತ್ರವನ್ನು ನೋಡಿದಳು. ಅವಳು ಕಟ್ಟಬೇಕೆಂದಿದ್ದ ಕೋಣೆ, ಅದರ ಬಿಳಿ ಗೋಡೆ, ದೊಡ್ಡ ದೀಪ, ಎಲ್ಲವೂ ಆ ಚೌಕಟ್ಟಿನೊಳಗೇ ಇದ್ದವು. ಅಕ್ಕ ಬಟ್ಟೆಯನ್ನು ತಂಗಿಯ ಕೈಯಿಂದ ಕಿತ್ತುಕೊಂಡಳು.

"ಅರ್ಧಂಬರ್ಧ ಕೆಲಸ ನಿಂದು. ಬಂಡೆ ಹಾಗೇ ಬಿಟ್ಟಿದ್ದೀಯಲ್ಲೇ," ಎಂದು ಸೀಳುಬಂಡೆಯನ್ನು ತಾನೇ ಗಸಗಸ ಉಜ್ಜಿ ಒರೆಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಉಜ್ಜುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಇಸ್ತ್ರಿ ಅಂಗಿಯವನು "ಹುಚ್ಚು ಹೆಂಗಸರು" ಎಂದು ಗೊಣಗಿ ಮೊಬೈಲನ್ನು ಜೇಬಿಗಿಳಿಸಿ ಹೊರಟುಹೋದ. ಕೆಸರಿನ ನಡುವೆ ಮೊದಲೇ ಒಣಗಿದ್ದ ತಾಯಿ, ಮರಿ ಮಾತ್ರ ಹಾಗೇ ಉಳಿದವು. ಅಂದು ಆ ಚಿತ್ರಕ್ಕೆ ಯಾರೂ ಕೈ ಎತ್ತಲಿಲ್ಲ.

ಅದೀಗ ಆರೈಕೆ ಕೇಂದ್ರದಲ್ಲಿ, ಅದೇ ಮರದ ಮೇಜಿನ ಮೇಲ್ಗಡೆ ನೇತಾಡುತ್ತಿದೆ. ಕೆಸರಿನ ಮೇಲೆ ತದ್ರೂಪು ಬೇರೊಂದು ಗುಡ್ಡ ಬರೆದಿದ್ದಾಳೆ. ಜನ್ಮದಲ್ಲಿ ಮೊದಲ ಸಲ ಕಾಣದ್ದನ್ನು ಬರೆದಳು, ಚೆನ್ನಾಗಿಯೂ ಬಂದಿಲ್ಲ. ಬಂದವರು ಈ ಜಾಗ ಎಲ್ಲಿದೆ ಎಂದು ಕೇಳಿದರೆ, ಅಕ್ಕ ಹೊಲಿಗೆಯಿಂದ ತಲೆ ಎತ್ತದೆ, "ಎಲ್ಲೂ ಇಲ್ಲ, ಸ್ವಲ್ಪ ಬೆಳಕು ಬಿಡಿ," ಎನ್ನುತ್ತಾಳೆ.

ಆಗೊಮ್ಮೆ ಈಗೊಮ್ಮೆ ತದ್ರೂಪು ಬ್ರಷ್ಷೂ ಇಲ್ಲದೆ ಬಣ್ಣವೂ ಇಲ್ಲದೆ ಬರಿಗೈಲಿ ಆ ಸೀಳುಬಂಡೆಯ ಕಡೆ ಹೋಗಿಬರುತ್ತಾಳೆ. ಬಿಲದ ಬಾಯಲ್ಲಿ ತಾಯಿ ರಾತ್ರಿ ಕೆದರಿದ ಮಣ್ಣು ಇನ್ನೂ ಹಸಿಯಾಗಿಯೇ ಇರುತ್ತದೆ.