ಪೊನ್ನೆಬೆಟ್ಟು ಮದಗದ ತಿಳಿನೀರು

ಪೊನ್ನೆಬೆಟ್ಟು ಮದಗದ ನೀರು ತಿಳಿಯಾಯಿತೆಂದು ಎಡ್ಮಂಡ್ ಪಿಂಟೋರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ದು ಜನವರಿ ಇಪ್ಪತ್ತಾರರಂದು. ಫೆಬ್ರವರಿ ಮುಗಿಯುವುದರೊಳಗೆ ಆ ಶಾಲನ್ನು ಎಲ್ಲಿ ಅಡಗಿಸಿಡುವುದೆಂದು ಅವರಿಗೆ ತಿಳಿಯದಾಯಿತು.

ಕುಕ್ಕುಂದೂರಿನಿಂದ ಸ್ವಲ್ಪ ಆಚೆ, ಗುಡ್ಡದ ಬುಡದಲ್ಲಿ, ಗದ್ದೆಗಳಿಗೆ ನೀರುಣಿಸುವ ದೊಡ್ಡ ಕೆರೆ ಅದು. ಎಡ್ಮಂಡ್ ಅದರ ಸಮಿತಿಯ ಅಧ್ಯಕ್ಷರು. ಇಪ್ಪತ್ತೆರಡು ವರ್ಷ ಬಹ್ರೈನಿನಲ್ಲಿ ಹಡಗುಗಳ ತಳಕ್ಕೆ ಅಂಟಿದ ಚಿಪ್ಪು ಕೆರೆದು ಬಂದ ಮನುಷ್ಯ; ಊರಿಗೆ ಮರಳಿದ ಮೇಲೆ ಸುಮ್ಮನೆ ಕೂರಲು ಬಾರದೆ ಮದಗದ ಅಂತರಗಂಗೆ ಕಳೆ ತೆಗೆಯಲು ಹೊರಟರು. ಅದಕ್ಕೊಂದು ತೆಪ್ಪ ಬೇಕಿತ್ತು. ಸಂತೆಕಟ್ಟೆಯ ಹತ್ತಿರ ಹೊಳೆಯಲ್ಲಿ ಪಂಜರ ಕಟ್ಟಿ ಮೀನು ಸಾಕುವ ಹೆಂಡತಿಯ ತಮ್ಮ ಸ್ಯಾಮ್ಸನ್ ತನ್ನ ಹಳೆಯ ತೆಪ್ಪವನ್ನು, ಡ್ರಮ್ಮು ಹಗ್ಗಗಳ ಸಮೇತ, ಟೆಂಪೋಕ್ಕೆ ಏರಿಸಿಕೊಟ್ಟ. “ಹಗ್ಗ ಒಣಗಿದರೆ ಕಡ್ಡಿಯ ಹಾಗೆ ಆಗ್ತದೆ ಭಾವ, ಒದ್ದೆ ಮಾಡ್ತಾ ಹೋಗಿ” ಎಂದೂ ಹೇಳಿದ. ಎಡ್ಮಂಡ್ ಹಾಗೆಯೇ ಮಾಡಿದರು. ಮೀನು ತರುವವರಂತೆ ಹಸಿ ಗೋಣಿ ಮುಚ್ಚಿ, ದಾರಿಯುದ್ದಕ್ಕೂ ನೀರು ಚಿಮುಕಿಸಿ, ಅದೇ ಸಂಜೆ ತೆಪ್ಪವನ್ನು ಮದಗಕ್ಕೆ ಇಳಿಸಿದರು.

ಎರಡನೇ ವರ್ಷಕ್ಕೆ ನೀರು ಕನ್ನಡಿಯಾಯಿತು. ಆಳದ ಕಲ್ಲೂ ಕಾಣುತ್ತಿತ್ತು. ಜನ ಕಾರ್ಕಳದಿಂದ ಬಂದು ಫೋಟೋ ತೆಗೆದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಇದ್ದರೂ ಎಡ್ಮಂಡ್ ಕೇಳುವ ಸ್ಥಿತಿಯಲ್ಲಿರಲಿಲ್ಲ ಬಿಡಿ.

ಬೇಸಿಗೆಯ ಭತ್ತ, ಕೊಳಕೆ ಬೆಳೆಗೆ ನೀರು ಬಿಡಲೆಂದು ತೂಬು ತೆರೆದ ದಿನ ನೀರು ಬರಲಿಲ್ಲ. ಎಡ್ಮಂಡ್ ಮಂಡಿ ಊರಿ ತೂಬಿನೊಳಗೆ ಕೈ ಹಾಕಿದರು. ಬೆರಳು ಕುಯ್ದು ರಕ್ತ ಬಂತು. ಒಳಗಿದ್ದದ್ದೇನೆಂದು ನೋಡುವ ಮೊದಲೇ ಅವರ ಕೈಗೆ ಗೊತ್ತಾಗಿತ್ತು. ಉಗುರಿನಷ್ಟೇ ದೊಡ್ಡ ಕಪ್ಪು ಚಿಪ್ಪುಗಳು, ಒಂದರ ಮೇಲೊಂದು, ಗೊಂಚಲು ಗೊಂಚಲಾಗಿ ಅಂಟಿದ್ದವು. ಜೀವಮಾನವಿಡೀ ಕೆರೆದದ್ದನ್ನೇ ತಾನು ತೆಪ್ಪದ ಹಗ್ಗದೊಟ್ಟಿಗೆ ಗೋಣಿ ಮುಚ್ಚಿ, ನೀರು ಕುಡಿಸಿ, ಮನೆಗೆ ಕರೆದು ತಂದಿದ್ದೇನೆ ಎಂದು ಹೊಳೆದಾಗ ಅವರಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಮಣಿಪಾಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸುಭಾಷಿಣಿ ಬಂದು ನೋಡಿದರು. ಕೆಸರಿನಿಂದ ಅಂಗೈಯಗಲದ ಒಂದು ಚಿಪ್ಪನ್ನು ಎತ್ತಿ ತೋರಿಸಿದರು. ಅದು ಈ ಮದಗದ್ದೇ, ಹಿಂದಿನಿಂದ ಇದ್ದದ್ದು. ಅದರ ಬಾಯಿ ತೆರೆಯಲೂ ಬಿಡದಂತೆ ತೂಬಿನೊಳಗಿನಂಥವೇ ನಲವತ್ತು ಪರದೇಶಿ ಕಪ್ಪು ಚಿಪ್ಪುಗಳು ಅಂಟಿದ್ದವು.

“ಇವು ಹಗಲೂ ರಾತ್ರಿ ನೀರು ಸೋಸ್ತವೆ,” ಎಂದರು. “ನೀರಿನಲ್ಲಿರುವ ಸಣ್ಣ ಹಸಿರು ಜೀವವನ್ನೆಲ್ಲ ತಿಂದು ಮುಗಿಸ್ತವೆ. ಮೀನಿನ ಮರಿಗಳಿಗೆ ತಿನ್ನಲಿಕ್ಕೆ ಎಂತ ಉಂಟು ಮತ್ತೆ? ನೀರು ಸ್ವಚ್ಛ ಆದದ್ದಲ್ಲ, ಬರಿದಾದದ್ದು.”

“ಔಷಧಿ ಇಲ್ವಾ ಟೀಚರೇ?”

“ಇವನ್ನು ಕೊಲ್ಲುವ ಔಷಧಿ ಉಳಿದದ್ದನ್ನೂ ಕೊಲ್ತದೆ. ಬಿಸಿಲೇ ಔಷಧಿ. ಮಳೆಗೆ ಮೊದಲು ಮದಗ ಪೂರ್ತಿ ಒಣಗಬೇಕು. ಆದರೆ ನೀರನ್ನು ತೋಡಿಗೆ ಬಿಡಬೇಡಿ, ಮರಿಗಳು ಹೊಳೆಯವರೆಗೂ ಹೋಗ್ತವೆ. ಗದ್ದೆಯಲ್ಲೇ ಇಂಗಿಸಬೇಕು. ಈ ವರ್ಷ ಬಿಟ್ಟರೆ ಮುಂದಿನ ವರ್ಷಕ್ಕೆ ಮದಗದ ಈ ಸ್ವಂತ ಚಿಪ್ಪಿನ ಸಂತತಿ ಉಳಿಯುವುದಿಲ್ಲ.” ಕೈಯಲ್ಲಿದ್ದ ದೊಡ್ಡ ಚಿಪ್ಪನ್ನು ಅವರು ಎಡ್ಮಂಡರಿಗೆ ಕೊಟ್ಟರು.

ತೂಬಿನ ಕೆಳಗಿನ ಹನ್ನೊಂದು ಗದ್ದೆಗಳೂ ಯಜ್ಞನಾರಾಯಣ ಭಟ್ಟರವು. ಅಂದರೆ ಭಟ್ಟರು ಈ ವರ್ಷದ ಕೊಳಕೆ ಬೆಳೆ ಬಿಡಬೇಕು, ಗದ್ದೆಯನ್ನೂ ಕೊಡಬೇಕು.

ಸಂಜೆ ಸಮಿತಿ ಸೇರಿತು. ಈ ಪೀಡೆ ಎಲ್ಲಿಂದ ಬಂತು ಎಂಬ ಮಾತು ಎದ್ದಿತು. “ಭಟ್ರು ಹೋದ ವರ್ಷ ಮೀನಿನ ಮರಿ ತಂದು ಬಿಟ್ಟಿದ್ದಾರಲ್ಲ, ಅದರೊಟ್ಟಿಗೇ ಬಂದದ್ದು” ಎಂದು ಸಮಿತಿಯ ಹುಡುಗ ಹರ್ಷಿತ್ ತೀರ್ಪು ಕೊಟ್ಟ. ಎಲ್ಲರೂ ಹೂಂಗುಟ್ಟಿದರು. ಭಟ್ಟರು ಎದ್ದು ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಡ್ಮಂಡರ ಕೈಯೂ ತಾನಾಗಿ ಶಾಲು ಹೊದಿಸಿದ ಹೆಗಲಿಗೆ ಹೋಯಿತು. ಆದರೆ ಬಾಯಿ ತೆರೆಯಲಿಲ್ಲ.

ಮನೆಗೆ ಸುದ್ದಿ ಮೊದಲೇ ಮುಟ್ಟಿತ್ತು. ಹೆಂಡತಿ ಸಿಸಿಲಿಯಾ ಗಂಜಿ ಬಡಿಸುತ್ತ ಕೇಳಿದರು, “ತೆಪ್ಪದ ಹಗ್ಗಕ್ಕೆ ನೀರು ಹಾಕಿದ್ದು ಯಾರು?”

“ನಾನು.”

“ಭಟ್ರ ಹೆಸರು ಹೇಳುವಾಗ ಅಲ್ಲಿ ಕೂತದ್ದು ಯಾರು?”

ಎಡ್ಮಂಡ್ ಗಂಜಿ ಬಿಟ್ಟು ಎದ್ದರು.

ಮಾಡಿದ್ದುಣ್ಣೋ ಮಹರಾಯ ಎಂಬುದನ್ನು ಉಣ್ಣಬೇಕಾದವನೇ ಒಪ್ಪಿಕೊಳ್ಳುವುದು ಸುಲಭವಲ್ಲ. ಬೆಳಿಗ್ಗೆ ಅವರು ಭಟ್ಟರ ಅಂಗಳದಲ್ಲಿ ನಿಂತು, ಕೂರದೆಯೇ, ಎಲ್ಲವನ್ನೂ ಹೇಳಿದರು: ತೆಪ್ಪ, ಗೋಣಿ, ನಿನ್ನೆಯ ಮೌನ. ಆಮೇಲೆ ಗದ್ದೆ ಕೇಳಿದರು.

ಭಟ್ಟರು ಬಾಯಿಯ ಎಲೆ ಉಗಿದು ಬಂದರು. “ಪಿಂಟೋ ಪೊರ್ಬುಗಳೇ, ನನ್ನ ಹೆಸರು ಹಾಳಾದದ್ದು ನಾಲ್ಕು ಜನರ ಎದುರು. ನೀವು ಹೇಳ್ತಾ ಇರುವುದು ನನ್ನ ನಾಯಿಯ ಎದುರು. ಅದು ಹೇಗೆ ಸರಿ ಆಗ್ತದೆ?”

ಆ ಭಾನುವಾರ ಸಮಿತಿಯ ಎದುರು ಎಡ್ಮಂಡ್ ಮತ್ತೆ ಅದೇ ಮಾತುಗಳನ್ನು ಹೇಳಿದರು. ಶಾಲನ್ನು ಮಡಚಿ ಮೇಜಿನ ಮೇಲಿಟ್ಟರು. ಅಧ್ಯಕ್ಷತೆ ಬೇಡ, ಆದರೆ ಮದಗ ಒಣಗಿಸುವ ಕೆಲಸ ತನಗೇ ಬಿಡಬೇಕು ಎಂದರು. ಭಟ್ಟರೇ ಎದ್ದು, “ಗದ್ದೆ ನನ್ನದು, ನಾನು ಕೊಟ್ಟಾಯಿತು. ಶಾಲು ತೆಗೆದುಕೊಂಡು ಹೋಗಿ ಮಾರಾಯ್ರೇ, ಅದನ್ನು ನಾವು ಎಂತ ಮಾಡುವುದು?” ಎಂದರು.

ತೂಬಿನ ಬಾಯಿ ಕೆರೆದು ಬಿಡಿಸಿದವರು ಎಡ್ಮಂಡರೇ. ನೀರು ಹನ್ನೊಂದು ಗದ್ದೆಗಳಲ್ಲಿ ತೆಳುವಾಗಿ ಹರಡಿ, ಮಾರ್ಚಿನ ಬಿಸಿಲಿಗೆ ಇಂಗಿತು. ತೋಡಿನ ಕಡೆಯ ಕಟ್ಟವನ್ನು ದಿನಕ್ಕೆರಡು ಬಾರಿ ನಡೆದು ನೋಡಿದರು. ಏಡಿ ಕೊರೆದ ತೂತನ್ನೂ ಮಣ್ಣು ಮೆತ್ತಿ ಮುಚ್ಚಿದರು. ನಡುವಿನ ಗುಂಡಿಯನ್ನು ಪಂಪು ಇಟ್ಟು ಬರಿದು ಮಾಡಿದರು. ನೀರು ಇಳಿದಂತೆಲ್ಲ ಸುಭಾಷಿಣಿ, ಸಿಸಿಲಿಯಾ, ಭಟ್ಟರು, ತಪ್ಪು ತೀರ್ಪು ಕೊಟ್ಟ ಹರ್ಷಿತ್, ಎಲ್ಲರೂ ಮೊಣಕಾಲುದ್ದ ಕೆಸರಿಗೆ ಇಳಿದು ಮದಗದ ಸ್ವಂತ ಚಿಪ್ಪುಗಳನ್ನು ಹುಡುಕಿದರು. ಜೀವವಿದ್ದದ್ದು ಸಿಕ್ಕಿದ್ದು ನೂರ ನಲವತ್ತಮೂರು ಮಾತ್ರ. ಒಂದೊಂದನ್ನೂ ತೆಂಗಿನ ನಾರಿನಿಂದ ಉಜ್ಜಿ, ಅಂಟಿದ್ದನ್ನು ಮೊಂಡು ಚಾಕುವಿನಿಂದ ಬಿಡಿಸಿದರು.

“ಹೊರಲಿಕ್ಕೆ ಹಸಿ ಗೋಣಿ ಕೊಡಿ,” ಎಂದರು ಸುಭಾಷಿಣಿ.

“ಗೋಣಿ ಬೇಡ!” ಎಡ್ಮಂಡ್ ಕಿರುಚಿದ ಅಬ್ಬರಕ್ಕೆ ಸಿಸಿಲಿಯಾ ನಕ್ಕುಬಿಟ್ಟರು. ಎಡ್ಮಂಡರೇ ಮನೆಗೆ ಓಡಿ ಸನ್ಮಾನದ ಶಾಲು ತಂದು, ಬಾವಿಯ ನೀರಿನಲ್ಲಿ ಅದ್ದಿ ಹಾಸಿದರು. ನೂರ ನಲವತ್ತಮೂರು ಚಿಪ್ಪುಗಳು ಜರಿಯಂಚಿನ ಶಾಲಿನಲ್ಲಿ, ನಾಲ್ಕಾರು ಸಲಕ್ಕೆ, ಪಿಂಟೋರ ಹಿತ್ತಿಲ ಸಿಮೆಂಟು ತೊಟ್ಟಿಗಳಿಗೆ ಹೋದವು.

ಏಪ್ರಿಲಿನಲ್ಲಿ ಮದಗದ ನೆಲ ಬಿರುಕು ಬಿಟ್ಟಿತು. ಸತ್ತ ಚಿಪ್ಪುಗಳ ನಾತಕ್ಕೆ ಊರು ಮೂಗು ಮುಚ್ಚಿ ಶಾಪ ಹಾಕಿತು. ಎಡ್ಮಂಡ್ ಅವನ್ನು ಗುದ್ದಲಿಯಿಂದ ಗುಡ್ಡೆ ಮಾಡಿ, ಸುಣ್ಣ ಹಾಕಿ ಹೂತರು. ತೆಪ್ಪ ಒಡೆದರು, ಹಗ್ಗ ಸುಟ್ಟರು. ಪಂಪನ್ನೂ ಬಿಸಿಲಿನಲ್ಲಿ ಮೂರು ವಾರ ಒಣಗಿಸದೆ ಬಾಡಿಗೆಯವನಿಗೆ ವಾಪಸು ಕೊಡಲಿಲ್ಲ. ಅವನು ಬೈದದ್ದನ್ನು ಬೈಯಿಸಿಕೊಂಡರು.

ಜೂನಿನಲ್ಲಿ ಮದಗ ತುಂಬಿತು. ತೂಬಿನ ಬಳಿ ಹಂಚಿನ ತುಂಡೊಂದನ್ನು ದಾರ ಕಟ್ಟಿ ಇಳಿಬಿಟ್ಟು, ಹದಿನೈದು ದಿನಕ್ಕೊಮ್ಮೆ ಎತ್ತಿ, ಕನ್ನಡಕ ಏರಿಸಿ, ಬೆರಳಾಡಿಸಿ ನೋಡುವುದು ಅವರ ವ್ರತವಾಯಿತು. ಆಗಸ್ಟಿನಲ್ಲಿ ಎರಡು ಪುಟ್ಟ ಕಪ್ಪು ಚಿಪ್ಪು ಸಿಕ್ಕಿದವು. ಎಡ್ಮಂಡ್ ಆ ವಾರವಿಡೀ ತೂಬಿನ ಕಲ್ಲುಗಳನ್ನು ಒಂದೊಂದಾಗಿ ತಡವಿ, ಇನ್ನೂ ಏಳು ಹುಡುಕಿ ಕೆರೆದು ಹಾಕಿದರು. ಆಮೇಲೆ ಹಂಚು ಬರಿದಾಗಿಯೇ ಬಂತು. ನವೆಂಬರಿನಲ್ಲಿ ತೊಟ್ಟಿಯ ಚಿಪ್ಪುಗಳನ್ನು ಮದಗಕ್ಕೆ ಮರಳಿಸಿದರು. ಬದುಕಿದ್ದವು ನೂರ ಹದಿನೇಳು.

ವರ್ಷ ಕಳೆದ ಮೇಲೆ, ಮತ್ತೊಂದು ಕೊಳಕೆಗೆ ತೂಬು ತೆರೆಯುವ ದಿನ. ನೀರು ಭೋರೆಂದು ಹರಿಯಿತು. ಆದರೆ ಅದು ಹಸಿರು ಬೆರೆತ ಬಗ್ಗಡ ನೀರು.

“ಎಂತ ಪೊರ್ಬುಗಳೇ, ಒಂದು ಗೇಣು ಕೆಳಗೆ ಎಂತದೂ ಕಾಣುವುದಿಲ್ಲ! ಈ ಸಲ ನಿಮಗೆ ಶಾಲು ಯಾರೂ ಕೊಡುವುದಿಲ್ಲ,” ಎಂದರು ಭಟ್ಟರು.

ಎಡ್ಮಂಡ್ ಪ್ಯಾಂಟು ಮಡಚಿ ನೀರಿಗೆ ಇಳಿದರು. ಕಾಣದ ತಳಕ್ಕೆ ಮೊಣಕೈವರೆಗೆ ಕೈ ಇಳಿಸಿ, ಕೆಸರಿನಲ್ಲಿ ಬಹಳ ಹೊತ್ತು ತಡಕಾಡಿದರು. ಬೆರಳಿಗೆ ಏನೋ ತಾಗಿತು, ಕುಯ್ಯಲಿಲ್ಲ, ನುಣ್ಣಗಿತ್ತು. ಮೇಲೆತ್ತಿ ಅಂಗೈ ತೆರೆದರು. ಹುಣಸೆ ಬೀಜದಷ್ಟು ಚಿಕ್ಕದೊಂದು ಚಿಪ್ಪು, ಮದಗದ್ದೇ ಮರಿ. ಅವರು ಮರಳಿಸಿದ್ದರಲ್ಲಿ ಇಷ್ಟು ಚಿಕ್ಕದು ಒಂದೂ ಇರಲಿಲ್ಲ.

“ಭಟ್ರೇ,” ಎಂದು ಅಂಗೈ ಚಾಚಿದರು. ಭಟ್ಟರು ಪಂಚೆ ಎತ್ತಿಕಟ್ಟಿ, ನೋಡಲು ನೀರಿಗೆ ಇಳಿದರು.