ಹಡಗಿನಲ್ಲಿ ಮೂರರಿಂದ ಐದು

ಹದಿನೇಳನೆಯ ಕುಚ್ಚಿನ ಗಂಟು ಬಿಗಿಯುವಾಗ ನೀಲಾವತಿಯ ಹಲ್ಲಿನ ನಡುವೆ ದಾರವಿತ್ತು. ಹಾಗಾಗಿ ಗಂಡ ಕೇಳಿದ್ದಕ್ಕೆ ಅವಳು ತಕ್ಷಣ ಉತ್ತರ ಕೊಡುವ ಹಾಗಿರಲಿಲ್ಲ. ಯಾರದೋ ಮಗಳ ಮದುವೆಯ ರೇಷ್ಮೆ ಸೀರೆ. ಸೆರಗನ್ನು ದಿಂಬಿಗೆ ಪಿನ್ನು ಚುಚ್ಚಿ ಎಳೆದು ಕೂರಿಸಿ, ಗೋಡೆಗೊರಗಿ ಕಾಲು ಚಾಚಿಕೊಂಡಿದ್ದಳು. ಇನ್ನೂ ಅರ್ಧ ಸೆರಗು ಬಾಕಿಯಿತ್ತು, ಸೀರೆಯವರು ಸಂಜೆಗೆ ಬರುತ್ತೇವೆಂದಿದ್ದರು.

"ಯೋಳಮ್ಮಿ, ಸೂರ್ಯ ಹುಟ್ಟೋದು ನೋಡಕೆ ಇಪ್ಪತ್ತು ನಿಮಿಷ ಸಾಕಾ, ಇಪ್ಪತ್ತೈದು ಆಕ್ಲಾ?" ಸೋಮೇಶ್ ಮತ್ತೆ ಕೇಳಿದ.

ಅವಳು ದಾರ ಕಚ್ಚಿ ತುಂಡು ಮಾಡಿ, "ಸೂರ್ಯನ್ನೇ ಕೇಳಿ," ಎಂದಳು.

"ತಮಾಸೆ ಬುಡು. ಆರೂ ಹತ್ತಕ್ಕೆ ಡೆಕ್ಕಿಗೆ ಬಂದ್ರೆ ಆರೂ ಮೂವತ್ತೈದಕ್ಕೆ ವಾಪಸ್. ಏಳಕ್ಕೆ ತಿಂಡಿ. ತಡ ಮಾಡಿದ್ರೆ ಕ್ಯೂ ಬೆಳೀತದೆ." ಅವನು ಕಾಗದದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಇಪ್ಪತ್ತೈದು ಎಂದು ಬರೆದ.

ಸೋಮೇಶ್ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು. ಯಾವ ಬಸ್ಸು ಎಷ್ಟಕ್ಕೆ ಬರಬೇಕು, ಎಷ್ಟಕ್ಕೆ ಹೊರಡಬೇಕು ಎಂದು ನೋಡಿಕೊಳ್ಳುವ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಮಾಡಿ, ಅವನ ಕೈಗೆ ಸಿಕ್ಕ ಬಿಳಿ ಹಾಳೆಯೆಲ್ಲ ಕೊನೆಗೆ ಟೈಮ್ ಟೇಬಲ್ಲೇ ಆಗುತ್ತಿತ್ತು. ಮಗಳ ಮದುವೆಗೆ ಅವನು ಬರೆದ ಶೆಡ್ಯೂಲಿನಲ್ಲಿ "ಹೆಣ್ಣು ಒಪ್ಪಿಸುವುದು, ಅಳುವುದು ಸೇರಿ, ಹದಿನೈದು ನಿಮಿಷ" ಎಂಬ ಸಾಲಿತ್ತು. ಅದನ್ನು ನೆಂಟರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಇಂಥವನು ಹಡಗಿಗೆ ದುಡ್ಡು ಕಟ್ಟಿದ್ದು ಮಾತ್ರ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ. ಗುಂಡ್ಲುಪೇಟೆಯ ಅಪ್ಸರ್ ಪಾಷಾ ಅವನ ಹಳೆಯ ಸ್ನೇಹಿತ. ಬಸ್ಸು ಕಾರುಗಳ ಸೀಟಿಗೆ ಕುಷನ್ ಹೊಲಿಯುವ ಅಂಗಡಿ ಅವನದು. ಅವನು ಫೋನಿನಲ್ಲಿ ಜಾಹೀರಾತು ತೋರಿಸಿ, "ಕೊಚ್ಚಿಯಿಂದ ಮೂರು ರಾತ್ರಿ ನಾಲ್ಕು ಹಗಲು, ಇವತ್ತೇ ಲಾಸ್ಟ್ ಡೇಟು, ಹೋಗನ್ಲಾ ಸೋಮಾ," ಎಂದನಂತೆ. ಇವನು ಹೂಂ ಎಂದುಬಿಟ್ಟನಂತೆ. ಆ ಹೂಂ ಬಾಯಿಂದ ಹೇಗೆ ಬಿತ್ತೆಂದು ಅವನಿಗೇ ಗಾಬರಿಯಾಗಿ, ಅಂದಿನಿಂದ ಗೆರೆ ಎಳೆಯುವುದೇ ಕೆಲಸವಾಗಿತ್ತು. ಇದು ಐದನೆಯ ಹಾಳೆ.

ನೀಲಾವತಿಗೆ ಹಡಗಿನ ಸುದ್ದಿ ಕೇಳಿದಾಗ ಕಣ್ಣೆದುರು ಬಂದದ್ದು ಒಂದೇ. ಏಳು ವರ್ಷದ ಹಿಂದೆ ಕ್ಯಾಲಿಕಟ್ಟಿಗೆ ಮದುವೆಗೆ ಹೋದಾಗ ಅವಳು ಮೊದಲ ಸಲ ಸಮುದ್ರ ನೋಡಿದ್ದಳು. ವಾಪಸ್ ಬರುವ ದಾರಿಯಲ್ಲಿ ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕುತ್ತಾರೆ, ಅಷ್ಟರಲ್ಲಿ ದಾಟಬೇಕೆಂದು ಸೋಮೇಶ್ ಹನ್ನೆರಡು ನಿಮಿಷ ಕೊಟ್ಟಿದ್ದ. ಮೊದಲ ಐದು ನಿಮಿಷ ಚಪ್ಪಲಿ ಎಲ್ಲಿಡುವುದು, ಸೀರೆ ಎಷ್ಟೆತ್ತುವುದು ಎಂಬುದರಲ್ಲೇ ಹೋಯಿತು. ಆಮೇಲೆ ಒಂದು ಅಲೆ ಬಂದು ಪಾದದಡಿಯ ಮರಳನ್ನು ಎಳೆದುಕೊಂಡು ಹೋಯಿತು. ಮೈಯೆಲ್ಲ ಜುಮ್ಮೆಂದು, ಅವಳೊಳಗೆ ಏನೋ ಶುರುವಾಗುವುದರಲ್ಲಿತ್ತು. ಅದು ಏನೆಂದು ತಿಳಿಯುವ ಮೊದಲೇ ಹಿಂದಿನಿಂದ, "ನಡಿ ನಡಿ, ಟೈಮಾಯ್ತು." ಆಗ ಶುರುವಾದದ್ದೇನು ಎಂದು ಅವಳು ಕುಚ್ಚು ಕಟ್ಟುತ್ತ ಎಷ್ಟೋ ಸಲ ಯೋಚಿಸಿದ್ದಾಳೆ. ಮತ್ತೊಮ್ಮೆ ಸಮುದ್ರದ ಎದುರು ನಿಲ್ಲಬೇಕು, ಸಾಕು ಎಂದು ತನಗೇ ಅನಿಸುವ ತನಕ. ಹಡಗಿನಿಂದ ಅವಳಿಗೆ ಬೇಕಾದದ್ದು ಇಷ್ಟೇ.

ಭಾನುವಾರ ಗುಂಡ್ಲುಪೇಟೆಯ ಪಾಷಾನ ಮನೆಯಲ್ಲಿ ಸಭೆ. ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಸೋಮೇಶ್ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗೊತ್ತಿಕೊಂಡು ಕೂತಿದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಬಿರಿಯಾನಿಯ ವಾಸನೆ ಬಂತು.

"ಇದೇನ್ಲಾ ಇದು, ಹಡಗಿಗೂ ಪ್ಲಾಟ್‌ಫಾರಂ ನಂಬರ್ ಹಾಕ್ಬುಟ್ಟಿದ್ದೀಯ?" ಪಾಷಾ ಹಾಳೆಯನ್ನು ದೂರ ಹಿಡಿದು ನೋಡಿದ.

"ಪ್ಲಾಟ್‌ಫಾರಂ ಅಲ್ಲ ಕಣ್ಲಾ, ಡೆಕ್ ನಂಬರು. ಹತ್ತು ಅಂತಸ್ತು ಅದೆ. ನೀನು ಹತ್ತನೇದ್ರಲ್ಲಿ ಟೀ ಹುಡುಕ್ತಾ ನಿಂತ್ರೆ, ಐದನೇದ್ರಲ್ಲಿ ಊಟ ಮುಗುದೋಗಿರ್ತದೆ."

"ಮುಗುದ್ರೆ ಮುಗೀಲಿ ಬುಡು. ಹಸಿವಾದಾಗ ತಿನ್ನನ, ನಿದ್ದೆ ಬಂದಾಗ ಮಲಗನ. ಸಮುದ್ರದ ಮಧ್ಯ ನಿನ್ನ ವಿಷಲ್ ಯಾರು ಕೇಳ್ತಾರೆ?"

"ಹಂಗೆ ಅನ್ಕಂಡೇ ತಾನೆ ನೀನು ಊಟಿಗೆ ಓಗಿ, ರೂಮ್ ಸಿಕ್ದೆ, ವ್ಯಾನಲ್ಲಿ ಮಲಗಿದ್ದು?"

"ಅಯ್ಯೋ, ಅದೊಂದೇ ಕಣ್ಲಾ ನಂಗೆ ಇವತ್ತಿಗೂ ನೆನಪಿರೋದು! ರೂಮ್ ಸಿಕ್ಕಿದ ಟ್ರಿಪ್ಪು ಒಂದೂ ನೆನಪಿಲ್ಲ."

ಅಡುಗೆಮನೆಯಲ್ಲಿ ಪಾಷಾನ ಹೆಂಡತಿ ಅಮೀರುನ್ನೀಸಾ ಈರುಳ್ಳಿ ಹೆಚ್ಚುತ್ತಿದ್ದಳು. ಹೊರಗಿನ ಮಾತು ಕೇಳಿ ಅವಳ ಚಾಕು ನಿಂತಿತು. "ವ್ಯಾನಲ್ಲಿ ಮಲಗಿದ್ದು ನೆನಪದೆ ಅವರ್ಗೆ. ಹೊದ್ಕೊಳಕೆ ಬೆಡ್‌ಶೀಟು ಎಲ್ಲಿಂದ ಬಂತು ಅಂತ ನೆನಪಿಲ್ಲ," ಎಂದಳು.

"ಎಲ್ಲಿಂದ ಬಂತು?" ನೀಲಾವತಿ ಕೇಳಿದಳು.

ಅಮೀರುನ್ನೀಸಾ ಬಾಗಿಲತ್ತ ಒಮ್ಮೆ ನೋಡಿ, ಅಕ್ಕಿಯ ಡಬ್ಬದ ಹಿಂದೆ ಕೈಹಾಕಿ ಒಂದು ದೊಡ್ಡ ಬ್ಯಾಗನ್ನು ಎಳೆದಳು. ಜಿಪ್ಪು ಬಿಚ್ಚಿದಳು. ನಾಲ್ಕು ಬೆಡ್‌ಶೀಟು, ಎರಡು ಲುಂಗಿ, ಟವಲು, ಟಾರ್ಚು, ಬಿ.ಪಿ. ಮಾತ್ರೆ, ಸೂಜಿದಾರ, ನಮಾಜಿನ ಚಾಪೆ, ನಿಂಬೆ ಉಪ್ಪಿನಕಾಯಿಯ ಬಾಟಲಿ, ಅದಕ್ಕೆ ಸುತ್ತಿದ ಎರಡು ಕವರು.

"ಯಾವಾಗ್ಲೂ ರೆಡಿ ಇರ್ತದೆ ಅಕ್ಕಾ. ಇವರು ಕೆಳಗಿಂದ್ಲೇ ಹಾರನ್ ಹೊಡೆದು 'ನಡೀ ಬೇಗಂ, ಸಡನ್ನಾಗಿ ಓಗ್ಬುಡನ' ಅಂತಾರೆ. ಸಡನ್ನಾಗಿ ಓಗಕೆ ಹನ್ನೊಂದು ವರ್ಷದಿಂದ ಈ ಬ್ಯಾಗು ಕಾಯ್ತಾ ಕೂತದೆ. ಮೂರು ತಿಂಗಳಿಗೊಂದ್ಸಲ ಮಾತ್ರೆ ಡೇಟ್ ನೋಡಿ ಬದಲಾಯಿಸ್ತೀನಿ."

"ಪಾಷಾ ಭಾಯಿಗೆ ಗೊತ್ತಿಲ್ವಾ?"

"ಗೊತ್ತಾದ್ರೆ ಅವರ್ಗೆ ಸಡನ್ ಅನ್ನೋ ಮಜಾ ಓಯ್ತದಲ್ಲಾ, ಪಾಪ."

ನೀಲಾವತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು, ಅಮೀರುನ್ನೀಸಾಗೆ ಈರುಳ್ಳಿಯಿಂದ ಮೊದಲೇ ಬಂದಿತ್ತು. ನಗು ಇಳಿದ ಮೇಲೆ ನೀಲಾವತಿಗೆ ಅನಿಸಿತು: ಇಷ್ಟು ವರ್ಷ ತಾನು ಇವಳ ಮೇಲೆ ಸಣ್ಣ ಹೊಟ್ಟೆಕಿಚ್ಚು ಇಟ್ಟುಕೊಂಡಿದ್ದೆನಲ್ಲ. ಮನಸ್ಸು ಬಂದ ಕಡೆ ಹಾರಿಹೋಗುವ ಅದೃಷ್ಟವಂತೆ ಎಂದುಕೊಂಡಿದ್ದೆನಲ್ಲ. ಇವಳೂ ಬ್ಯಾಗು ತುಂಬುವವಳೇ. ತನ್ನ ಮನೆಯಲ್ಲಿ ಹಾಳೆ ನೋಡಿಕೊಂಡು ತುಂಬಬೇಕು, ಇಲ್ಲಿ ಹಾಳೆ ಇಲ್ಲದೆ ತುಂಬಬೇಕು.

"ಹಡಗಲ್ಲಿ ನಿಮಗೇನು ಬೇಕಕ್ಕಾ?" ಅಮೀರುನ್ನೀಸಾ ಬ್ಯಾಗನ್ನು ಒಳಗೆ ತಳ್ಳುತ್ತ ಕೇಳಿದಳು. "ಇವರಿಬ್ಬರದು ಬುಡಿ. ನಿಮಗೆ?"

ಇದುವರೆಗೆ ನೀಲಾವತಿಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಕೇಳಿದಾಗ ನಾಚಿಕೆಯಾಯಿತು. "ಸಮುದ್ರ ನೋಡ್ಬೇಕು."

"ಎಲ್ಲಿ ತಿರುಗಿದ್ರೂ ಅದೇ ಇರ್ತದಲ್ಲಾ!"

"ಹಂಗಲ್ಲ ಅಮೀರಾ. ಯಾರೂ ಟೈಮಾಯ್ತು ಅನ್ಬಾರ್ದು. ನಂಗೆ ಸಾಕು ಅನ್ಸೋ ತನಕ ನೋಡ್ಬೇಕು."

"ಎಷ್ಟೊತ್ತು ಬೇಕಾಯ್ತದೆ?"

"ಅದು ಗೊತ್ತಿದ್ರೆ ನಿಮ್ಮಣ್ಣ ಅದಕ್ಕೂ ಒಂದು ಗೆರೆ ಎಳೆದ್ಬುಡೋರು."

ಇಬ್ಬರೂ ಊಟದ ಪಾತ್ರೆ ಹಿಡಿದು ಹೊರಗೆ ಬರುವಷ್ಟರಲ್ಲಿ ಗಂಡಸರ ರಾಜಿ ಮುಗಿದಿತ್ತು. ಸೋಮೇಶ್ ಹಾಳೆಯ ಮೂಲೆಯಲ್ಲಿ ಹೊಸ ಸಾಲು ಬರೆದು ಅಡಿಗೆರೆ ಎಳೆಯುತ್ತಿದ್ದ.

"ಕೇಳ್ರಪ್ಪಾ ಎಲ್ಲಾ," ಪಾಷಾ ಘೋಷಿಸಿದ. "ಎರಡನೇ ದಿನ ಹಡಗು ಎಲ್ಲೂ ನಿಲ್ಲಲ್ಲ. ಅವತ್ತು ಮಧ್ಯಾಹ್ನ ಮೂರರಿಂದ ಐದು ಪೂರ್ತಿ ಫ್ರೀ. ಸೋಮಣ್ಣ ಒಪ್ಪವ್ನೆ. ಏನ್ ಮನಸ್ಸಿಗೆ ಬತ್ತದೋ ಅದು!"

ನೀಲಾವತಿಯ ಕೈಯ ಪಾತ್ರೆ ಹಗುರವಾದಂತಾಯಿತು. ಎರಡು ಗಂಟೆ!

"ನಮ್ಮಿಬ್ರಿಗೆ," ಎಂದು ಸೋಮೇಶ್ ತಿದ್ದಿದ. "ನಿಮಗೆ ಬೋರಾಗ್ಬಾರ್ದು ಅಂತ ಆ ಟೈಮಲ್ಲಿ ಅಡುಗೆ ಶೋಗೆ ಹಾಕಿವ್ನಿ. ದೊಡ್ಡ ದೊಡ್ಡ ಬಾಣಸಿಗರು ಬಂದು ಮಾಡಿ ತೋರಿಸ್ತಾರಂತೆ. ಈಗ್ಲೇ ಫೋನಲ್ಲಿ ಎರಡು ಸೀಟು ಹೇಳ್ಬುಟ್ಟೆ."

ಅಮೀರುನ್ನೀಸಾ ಬಿರಿಯಾನಿಯ ಪಾತ್ರೆಯನ್ನು ನೆಲದ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟು, "ಶೋ ಮುಗುದ ಮೇಲೆ ಪಾತ್ರೆ ಅವರೇ ತೊಳೀತಾರಾ, ಇಲ್ಲ ನಾವೇ ತೊಳ್ದು ಬರ್ಬೇಕಾ?" ಎಂದಳು. ಪಾಷಾ ತೊಡೆ ತಟ್ಟಿಕೊಂಡು ನಕ್ಕ.

"ನಂಗೆ ಆ ಹೊತ್ತಲ್ಲಿ ಏನೂ ಬ್ಯಾಡ ಕಣ್ರೀ," ನೀಲಾವತಿ ಹೇಳಿಯೇಬಿಟ್ಟಳು. "ಸುಮ್ನೆ ಇರ್ತೀನಿ."

ಸೋಮೇಶ್ ಪೆನ್ನೆತ್ತಿ ಅವಳನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಗೊಂದಲವಿತ್ತು. "ಸುಮ್ನೆ ಅಂದ್ರೆ? ಎಲ್ಲಿ? ಎಷ್ಟನೇ ಡೆಕ್ಕಲ್ಲಿ? ಎರಡು ಗಂಟೆ ಒಬ್ಳೇ ಏನ್ಮಾಡಿಯೆ?"

"ಸಮುದ್ರ..."

"ಅದಕ್ಕೆ ಬೆಳಗ್ಗೆ ಇಪ್ಪತ್ತೈದು ನಿಮಿಷ ಕೊಟ್ಟಿಲ್ವಾ?"

"ಸಮುದ್ರ ಎಲ್ಲಿಗೂ ಓಗಲ್ಲ ಅಕ್ಕಾ, ಮೊದ್ಲು ಕೂತ್ಕಳಿ, ಬಿರಿಯಾನಿ ಆರೋಯ್ತದೆ," ಎಂದ ಪಾಷಾ. ಮಾತು ಮಾಂಸದ ತುಂಡಿನ ಕಡೆಗೆ, ಯಾರ ಮದುವೆಯ ಬಿರಿಯಾನಿ ಚೆನ್ನಾಗಿತ್ತು ಎಂಬ ಕಡೆಗೆ ಹೊರಳಿತು. ನೀಲಾವತಿಯೂ ನಕ್ಕು ಬಡಿಸಿದಳು, ನಕ್ಕು ಉಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೋಮೇಶ್ ಅವಳಿಗೇ ಕಿಟಕಿಯ ಸೀಟು ಬಿಟ್ಟ. ಅದು ಅವನ ಮೂವತ್ತು ವರ್ಷದ ಅಭ್ಯಾಸ, ಒಮ್ಮೆಯೂ ತಪ್ಪಿಸಿದವನಲ್ಲ. ಹೊರಗೆ ಚೆಂಡುಹೂವಿನ ಹೊಲಗಳು ಹಳದಿಯಾಗಿ ಓಡುತ್ತಿದ್ದವು. ಇವನನ್ನು ಕೆಟ್ಟವನೆನ್ನಲು ಯಾರಿಗೂ ಸಾಧ್ಯವಿಲ್ಲ ಎಂದುಕೊಂಡಳು. ಇವನು ತನ್ನನ್ನು ಮರೆತವನಲ್ಲ. ನೆನಪಿಟ್ಟುಕೊಂಡೇ ತನ್ನನ್ನು ಒಂದು ಸಾಲಿನಲ್ಲಿ ಕೂರಿಸಿದ್ದಾನೆ. ಮರೆತಿದ್ದರೆ ಜಗಳವಾದರೂ ಆಡಬಹುದಿತ್ತು. ಪಕ್ಕದಲ್ಲಿ ಸೋಮೇಶನ ತಲೆ ಆಗಲೇ ಅವಳ ಹೆಗಲಿಗೆ ವಾಲಿತ್ತು.

ಬುಧವಾರ ಮಧ್ಯಾಹ್ನ ಕೈಯಲ್ಲಿ ಹೊಸ ಸೀರೆಯಿದ್ದಾಗ ಫೋನು ಟಿಣ್ ಎಂದಿತು. ಹಡಗಿನವರ ಮೆಸೇಜು ಇಂಗ್ಲಿಷಿನಲ್ಲಿತ್ತು. ಕನ್ನಡಕ ಹಾಕಿಕೊಂಡು ಅವಳು ಮೆಲ್ಲಗೆ ಓದಿ ಅರ್ಥ ಮಾಡಿಕೊಂಡಳು. ಶ್ರೀಮತಿ ನೀಲಾವತಿಯವರೇ, ಅಡುಗೆ ಪ್ರದರ್ಶನಕ್ಕೆ ನಿಮ್ಮ ಸೀಟು ಹಿಡಿದಿಟ್ಟಿದ್ದೇವೆ. ಬರುವುದಾದರೆ ಇವತ್ತು ಸಂಜೆ ಐದರೊಳಗೆ ಒಂದು ಎಂಬ ಅಂಕಿಯನ್ನು ಕಳಿಸಿ. ಕಳಿಸದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ.

ಐದೇ ನಿಮಿಷಕ್ಕೆ ಸೋಮೇಶನ ಫೋನು. ಹಿಂದೆ ಬಸ್ಸುಗಳ ಹಾರನ್ನು, ಯಾರೋ ಹರದನಹಳ್ಳಿ ಹರದನಹಳ್ಳಿ ಎಂದು ಕೂಗುತ್ತಿದ್ದರು. "ಮೆಸೇಜ್ ಬಂತಾ? ಅದ್ರಲ್ಲಿ ಒಂದು ಒತ್ತಿ ಕಳಿಸ್ಬುಡು. ಅವರವರ ಫೋನಿಂದ್ಲೇ ಆಗ್ಬೇಕಂತೆ, ಇಲ್ದಿದ್ರೆ ನಾನೇ ಮಾಡ್ತಿದ್ದೆ."

"ಬಂದದೆ, ನೋಡ್ತೀನಿ," ಎಂದಳು.

ನಾಲ್ಕು ಗಂಟೆಗೆ ಅಮೀರುನ್ನೀಸಾ. "ನಾನು ಒತ್ಬುಟ್ಟೆ ಅಕ್ಕಾ. ಒಳಗೆ ಎ.ಸಿ. ಇರ್ತದಂತೆ, ಮೆತ್ತನೆ ಕುರ್ಚಿಯಂತೆ. ಕೂತ್ಕಂಡು ಎರಡು ಗಂಟೆ ಚೆನ್ನಾಗಿ ನಿದ್ದೆ ಹೊಡೀತೀನಿ, ಇವರಿಗೆ ಏನೂ ಗೊತ್ತಾಗಲ್ಲ. ನೀವು ಒತ್ತಿದ್ರಾ?"

ಒತ್ತುವುದಿಲ್ಲವೆಂದು ಇವಳಿಗಾದರೂ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಹೇಳಿದರೆ ಅಮೀರುನ್ನೀಸಾ ಖುಷಿಪಟ್ಟು, ನಾನೂ ಬರುತ್ತೇನೆ ಎನ್ನುತ್ತಾಳೆ, ಕುರುಕಲು ತಿಂಡಿ ಕಟ್ಟಿಕೊಳ್ಳುತ್ತಾಳೆ, ಕೂರಲು ಬೆಡ್‌ಶೀಟು ತರುತ್ತಾಳೆ. "ಸೀರೆ ಕೈಲದೆ ಅಮೀರಾ, ಆಮೇಲೆ ನೋಡ್ತೀನಿ," ಎಂದು ಫೋನಿಟ್ಟಳು.

ಕುಚ್ಚು ಕಟ್ಟುತ್ತ ಹೋದಳು. ನಾಲ್ಕೂ ನಲವತ್ತಕ್ಕೆ ಒಮ್ಮೆ ಬೆರಳು ತಾನಾಗಿ ಫೋನಿನ ಕಡೆಗೆ ಹೋಯಿತು. ಹೇಳಿದ್ದನ್ನು ಮಾಡಿಬಿಡುವ ಬೆರಳು ಅದು, ಅದರ ತಪ್ಪಿಲ್ಲ. ಅವಳು ಅದಕ್ಕೆ ಸೂಜಿ ಕೊಟ್ಟಳು. ಐದು ಹೊಡೆಯಿತು. ಏನೂ ಆಗಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಐದೂ ಐದಕ್ಕೆ ಇನ್ನೊಂದು ಮೆಸೇಜು ಬಂತು, ನಿಮ್ಮ ಸೀಟು ಬಿಡುಗಡೆಯಾಗಿದೆ ಎಂದು. ಅದನ್ನು ಎರಡು ಸಲ ಓದಿ ಅಳಿಸಿದಳು.

ಏಳಕ್ಕೆ ಸೋಮೇಶ್ ಬಂದ. ಕಾಫಿ ಕುಡಿಯುತ್ತ ಹಾಳೆ ಹರಡಿಕೊಂಡು ಒಂದೊಂದೇ ಸಾಲಿನ ಮುಂದೆ ರೈಟು ಹಾಕತೊಡಗಿದ. ಅಡುಗೆ ಶೋ ಬಂದಾಗ ತಲೆ ಎತ್ತದೆ, "ನೀಲಾ, ಅಮೀರಾ ಇಬ್ರೂ," ಎಂದು ತನಗೆ ತಾನೇ ಹೇಳಿಕೊಂಡು ದೊಡ್ಡ ರೈಟೊಂದನ್ನು ಹಾಕಿದ. ಅವಳು ಎದುರಿಗೇ ಕೂತು ನೋಡಿದಳು.

ಹಡಗಿನಲ್ಲಿ ಆ ಎರಡನೆಯ ದಿನ ಮೂರು ಗಂಟೆಗೆ ಶೋಗೆ ಹೊರಟೆ ಎಂದು ಎದ್ದು, ಅಮೀರುನ್ನೀಸಾಳನ್ನು ಆ ಮೆತ್ತನೆ ಕುರ್ಚಿಯ ತನಕ ಬಿಟ್ಟು, ಅಲ್ಲಿಂದ ಹಾಗೇ... ಎಷ್ಟನೆಯ ಡೆಕ್ಕಿಗೆ? ಮೂರು ಗಂಟೆಯ ಬಿಸಿಲು ಯಾವ ಪಕ್ಕಕ್ಕಿರುತ್ತದೆ? ಕೊಡೆ ತೆಗೆದುಕೊಳ್ಳಬೇಕೇನೋ, ನೀರಿನ ಬಾಟಲಿ ಸಣ್ಣದು ಸಾಕೇನೋ... ಅಲ್ಲಿಗೆ ಅವಳಿಗೆ ತನ್ನನ್ನು ಕಂಡೇ ನಗು ಬಂತು. ಅದಷ್ಟನ್ನೂ ಅಲ್ಲಿಗೇ ಬಿಟ್ಟಳು. ಕೊಡೆಯೂ ಬೇಡ, ಬಾಟಲಿಯೂ ಬೇಡ. ಕಾಲು ಎಲ್ಲಿಗೆ ಒಯ್ಯುತ್ತದೋ ಅಲ್ಲಿ.

"ಏನಮ್ಮಿ, ಒಬ್ಳೇ ನಗ್ತಾ ಇದ್ದೀಯ?" ಸೋಮೇಶ್ ಕೇಳಿದ.

"ಏನಿಲ್ಲ," ಎಂದು ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.