ಮೇಲಿನ ತೋಟದ ನೀರು

ತೌನೊ ಲೆಹ್ಟಿ ತನ್ನ ತೂಬಿನ ಕಂಬಿಗೆ ಹಲಗೆ ಒರಗಿಸಿ ಮೂರು ದಿನವಾಗಿತ್ತು. ಕೆಳಗಿನ ತೋಟದಲ್ಲಿ ನೀರು ಇನ್ನೂ ಮೊಣಕಾಲಿಗೂ ಬಂದಿರಲಿಲ್ಲ.

ಇದಲೀನ ಫೊಂತೆಸ್ ಏರಿಯ ಮೇಲೆ ನಿಂತು ಕಾಲುವೆಯನ್ನೇ ನೋಡುತ್ತಿದ್ದಳು. ಎದೆಮಟ್ಟದ ರಬ್ಬರ್ ಷರಾಯಿ ತೊಟ್ಟು ಬೆಳಗಿನಿಂದ ಕಾಯುತ್ತಿದ್ದವಳಿಗೆ ಬೆನ್ನೆಲ್ಲ ಬೆವೆತಿತ್ತು. ನೀರು ಬರುತ್ತಿತ್ತು, ಇಲ್ಲವೆನ್ನುವ ಹಾಗಿಲ್ಲ. ಆದರೆ ಜಿಪುಣ ಸಾಲ ಕೊಟ್ಟ ಹಾಗೆ, ಕೊಟ್ಟೂ ಕೊಡದ ಹಾಗೆ ಬರುತ್ತಿತ್ತು. ಅದರಡಿಯಲ್ಲಿ ಬಳ್ಳಿಗಳು ಹಣ್ಣು ಹೊತ್ತು ಕೆಂಪಗೆ ಮಲಗಿದ್ದವು. ಕ್ರ್ಯಾನ್‌ಬೆರಿಯನ್ನು ಕೊಯ್ಯಬೇಕಾದರೆ ತೋಟ ತುಂಬಬೇಕು, ಯಂತ್ರ ಓಡಾಡಿ ಹಣ್ಣು ಉದುರಿಸಬೇಕು, ಉದುರಿದ್ದು ತೇಲಬೇಕು. ಮೊಣಕಾಲಿಗೆ ಬಾರದ ನೀರಿನಲ್ಲಿ ಬಾತುಕೋಳಿ ತೇಲಬಹುದೇ ಹೊರತು ಹಣ್ಣಲ್ಲ. ಕಾರ್ಖಾನೆಯ ಲಾರಿ ಶನಿವಾರ ಬರುವುದಿತ್ತು. ಆ ಸರದಿ ತಪ್ಪಿದರೆ ಮುಂದಿನದು ಯಾವಾಗಲೋ, ಅಷ್ಟರಲ್ಲಿ ಹಿಮ ಬಿದ್ದು ಹಣ್ಣು ಬಳ್ಳಿಯಲ್ಲೇ ಮೆತ್ತಗಾಗಿಬಿಡುತ್ತಿತ್ತು.

ಬೇರೆ ವರ್ಷವಾಗಿದ್ದರೆ ಅವಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತೋಟದ ಪಕ್ಕದ ಹಳ್ಳದಲ್ಲಿ ನೀರಿರುತ್ತಿತ್ತು, ಸಾಲದ್ದಕ್ಕೆ ಪಂಪು ಇತ್ತು. ಈ ವರ್ಷ ಜುಲೈನಿಂದ ಮಳೆಯೇ ಇಲ್ಲ, ಹಳ್ಳದಲ್ಲಿ ಕೆಸರು ಬಿಟ್ಟರೆ ಮತ್ತೇನೂ ಉಳಿದಿರಲಿಲ್ಲ. ಇದ್ದ ನೀರೆಲ್ಲ ಮೇಲಿನ ಕೊಳದಲ್ಲಿತ್ತು. ಆ ಕೊಳದ ನೀರಿನಲ್ಲಿ ಮೊದಲು ತೌನೊ ತನ್ನ ತೋಟ ತುಂಬಿ ಕೊಯ್ಲು ಮುಗಿಸಬೇಕು, ಆಮೇಲೆ ಅದೇ ನೀರನ್ನು ಕೆಳಗೆ ಬಿಡಬೇಕು. ಎರಡೂ ತೋಟ ಊರಿನವು. ಅಲ್ಲಿ ಮನೆಗಳೇಳದಿರಲಿ ಎಂದು ಊರ ಸಭೆ ಹಿಂದೆ ಎಂದೋ ಕೈಯೆತ್ತಿ ಮತ ಹಾಕಿ ಖರೀದಿಸಿ, ಸಂರಕ್ಷಿತ ಜಮೀನು ಎಂದು ಬೋರ್ಡು ನೆಟ್ಟು, ಇವರಿಬ್ಬರಿಗೆ ಗುತ್ತಿಗೆಗೆ ಕೊಟ್ಟಿತ್ತು. ಗುತ್ತಿಗೆಗೆ ಕೊಡುವಾಗ ಇವರಿಬ್ಬರೂ ಮಾತಾಡಿಕೊಳ್ಳುತ್ತಾರೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ಆಗ ಮಾತಾಡುತ್ತಿದ್ದರು. ಪ್ರತಿ ಕೊಯ್ಲು ಮುಗಿದಾಗಲೂ ತೌನೊನ ಹೆಂಡತಿ ಐಲಿ ಅಡುಗೆಮನೆಗೆ ಕರೆದು ಕಾಫಿ ಕೊಟ್ಟು, ಏಲಕ್ಕಿ ಹಾಕಿದ ಬನ್ನನ್ನು ಇದಲೀನಳ ತಟ್ಟೆಗೆ ತಾನೇ ಬಡಿಸುತ್ತಿದ್ದಳು. ಕೆಟ್ಟದ್ದು ಹನ್ನೊಂದು ವರ್ಷದ ಹಿಂದಿನ ಒಂದು ಸಭೆಯಲ್ಲಿ. ತನ್ನ ತೋಟಕ್ಕೆ ಬಂದಳಿಕೆ ಬಿದ್ದದ್ದು ತೌನೊ ಬಿಟ್ಟ ನೀರಿನಿಂದ ಎಂದು ಇದಲೀನ ಎದ್ದು ನಿಂತು ಹೇಳಿಬಿಟ್ಟಳು. ಹಳದಿ ನೂಲಿನಂಥ ಬಳ್ಳಿ ಅದು. ಕ್ರ್ಯಾನ್‌ಬೆರಿಯನ್ನು ಸುತ್ತಿಕೊಂಡು ರಸ ಹೀರುತ್ತದೆ, ಬೀಜ ನೀರಿನಲ್ಲಿ ತೇಲಿ ಊರೂರು ತಿರುಗುತ್ತದೆ. ಅವಳು ಹೇಳಿದ್ದು ನಿಜವೇ. ಆದರೆ ತೋಟದವನಿಗೆ ನಾಲ್ಕು ಜನರೆದುರು ಹಾಗೆನ್ನುವುದು, ನಿನ್ನ ಮಕ್ಕಳ ತಲೆಯಲ್ಲಿ ಹೇನಿದೆ ಎಂದ ಹಾಗೆ. ತೌನೊ ಟೋಪಿ ಹಾಕಿಕೊಂಡು ಎದ್ದು ಹೋದ. ಅಂದಿನಿಂದ ಅವನ ಬಾಯಿಂದ ಅವಳಿಗೆ ಒಂದು ಮಾತೂ ಬಂದಿರಲಿಲ್ಲ. ಐಲಿ ಸತ್ತಾಗ ಅವಳು ಇಗರ್ಜಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಅವನು ಕೈ ಕುಲುಕಿದ್ದ, ಗೋಡೆ ನೋಡುತ್ತ.

ಮನುಷ್ಯರು ಮುನಿಸಿಕೊಂಡರೂ ನೀರಿಗೆ ಇಳಿಜಾರು ತಪ್ಪುವುದಿಲ್ಲವಲ್ಲ. ಹಾಗಾಗಿ ಹಲಗೆಯೂ ಬಕೆಟ್ಟೂ ಇವರ ಪರವಾಗಿ ಮಾತಾಡತೊಡಗಿದವು. ತೌನೊ ತೂಬಿನಿಂದ ತೆಗೆದ ಹಲಗೆಯನ್ನು ಕಂಬಿಗೆ ಒರಗಿಸಿದರೆ, ನೀರು ಬಿಟ್ಟಿದ್ದೇನೆ ಎಂದರ್ಥ. ಇದಲೀನ ತನ್ನ ತೂಬಿನ ಮೇಲೆ ಬಿಳಿ ಬಕೆಟ್ ಬೋರಲು ಹಾಕಿದರೆ, ಸಾಕು ನಿಲ್ಲಿಸು ಎಂದರ್ಥ. ಪೈನ್ ಮರಗಳ ತಿರುವಿನಾಚೆ ಅವಳಿಗೆ ಕಾಣುತ್ತಿದ್ದದ್ದು ಆ ಕಂಬಿಯೊಂದೇ. ಅದರಾಚೆಗೆ ಅವಳು ಈ ಹನ್ನೊಂದು ವರ್ಷ ಕಾಲಿಟ್ಟಿರಲಿಲ್ಲ. ಹಲಗೆಯೇನೋ ಸರಿಯಾಗಿ ನಿಲ್ಲುತ್ತಿತ್ತು, ನೀರು ಮಾತ್ರ ಪ್ರತಿ ವರ್ಷವೂ ಹೀಗೆ ಸಣ್ಣಗೆ, ಸತಾಯಿಸಿ ಸತಾಯಿಸಿ ಬರುತ್ತಿತ್ತು. ಮುದುಕನಿಗೆ ಹೊಟ್ಟೆಯೊಳಗೆ ಎಷ್ಟು ವಿಷವಿದೆ ಎಂದು ಅವಳು ಪ್ರತಿ ಅಕ್ಟೋಬರಿನಲ್ಲೂ ಅಂದುಕೊಳ್ಳುತ್ತಿದ್ದಳು.

ಯಂತ್ರದ ಮೇಲೆ ಸುಮ್ಮನೆ ಕೂತು ಕೂತು ಬೇಸತ್ತಿದ್ದ ಅಕ್ಕ ಜುಲ್ಮಿರ, ಡಬ್ಬಿಯಲ್ಲಿ ತಂದಿದ್ದ ಜೋಳ-ಕಾಳಿನ ಕಚುಪಾ ಗಂಜಿಯನ್ನು ತಣ್ಣಗೇ ತಿನ್ನುತ್ತ ಕೂಗಿದಳು. "ಎದ್ದು ಹೋಗಿ ಕೇಳೋಕೆ ನಿನ್ನ ಕಾಲಿಗೇನಾಗಿದೆ?"

"ಕೇಳಿದ್ರೆ ಸೋತ ಹಾಗೆ."

"ಗೆದ್ದು ಏನು ತಿಂತೀಯೇ? ಕೊಳೆತ ಹಣ್ಣಾ?"

ಇದಲೀನ ಕೇಳಲು ಹೋಗಲಿಲ್ಲ. ಫೋನು ತೆಗೆದು ಊರಿನ ಸಂರಕ್ಷಣಾಧಿಕಾರಿ ಕೊರಿನ್ ಲೂಮಿಸ್‌ಗೆ ಹಚ್ಚಿದಳು. ಸಿಟ್ಟಿನಲ್ಲಿ ನಾಲಿಗೆ ಹಿಡಿತ ತಪ್ಪಿತು. ತೌನೊ ಬೇಕೆಂದೇ ನೀರು ಹಿಡಿದಿಟ್ಟಿದ್ದಾನೆ, ಈ ವರ್ಷವಲ್ಲ, ಪ್ರತಿ ವರ್ಷವೂ ಇದೇ ಕತೆ ಎಂದೆಲ್ಲ ಹೇಳಿದಳು. ಊಟ ಮುಗಿಸಿ ಬಂದು ನೋಡುತ್ತೇನೆ ಎಂದಳು ಕೊರಿನ್.

ಫೋನು ಜೇಬಿಗೆ ಹೋದ ಮೇಲೆ ನೆನಪಾಯಿತು, ಮುಂದಿನ ತಿಂಗಳ ಸಂರಕ್ಷಣಾ ಸಮಿತಿಯ ಸಭೆಯಲ್ಲಿ ಎರಡೂ ಗುತ್ತಿಗೆ ತೀರ್ಮಾನಕ್ಕೆ ಬರುತ್ತವೆ ಎನ್ನುವುದು. ಮೇಲಿನ ತೋಟವನ್ನು ಮುಚ್ಚಿ ಮೊದಲಿನಂತೆ ಕಾಡು ಜೌಗುನೆಲವಾಗಲು ಬಿಡಬೇಕೆನ್ನುವವರು ಆ ಸಮಿತಿಯಲ್ಲಿ ಇಬ್ಬರೋ ಮೂವರೋ ಇದ್ದರು. ತೌನೊನಿಗೆ ವಯಸ್ಸಾಯಿತು ಎನ್ನುವುದು ಅವರ ಮಾತು. ಅವನ ಮೇಲೆ ಒಂದು ದೂರು ಸಿಕ್ಕರೆ ಅವರ ಕೆಲಸ ಮುಗಿದಂತೆಯೇ. ಜುಲ್ಮಿರ ಚಮಚ ನೆಕ್ಕಿ ಡಬ್ಬಿ ಮುಚ್ಚಿದಳು.

"ಅವನ ತೋಟ ಮುಚ್ಚಿದ್ರೆ ಮುಂದಿನ ವರ್ಷ ನಿನಗೆ ನೀರು ಯಾರು ಬಿಡ್ತಾರೆ? ಸಂತ ಅಂತೋನಿ ಬಂದು ಬಿಡ್ತಾನಾ?"

ಇದಲೀನ ಏರಿ ಇಳಿದು ಮೇಲಕ್ಕೆ ನಡೆದಳು. ಅಧಿಕಾರಿ ಬರುವ ಮೊದಲೇ ಮುದುಕನಿಂದ ನಾಲ್ಕು ಹಲಗೆ ತೆಗೆಸಿಬಿಟ್ಟರೆ ದೂರಿಗೆ ಬೆಲೆಯೇ ಇರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಳು. ಮೊದಲ ಮಾತೇ ಸಿಕ್ಕಲಿಲ್ಲ. ಪೈನ್ ಮುಳ್ಳೆಲೆಗಳು ಒಣಗಿ ಕಾಲಡಿ ಜಾರುತ್ತಿದ್ದವು. ತಿರುವು ದಾಟಿ, ಕಂಬಿಯನ್ನೂ ಅದಕ್ಕೊರಗಿದ್ದ ಒಂದೇ ಒಂದು ಹಲಗೆಯನ್ನೂ ದಾಟಿ, ತೂಬಿನ ಒಳಬದಿಗೆ ಬಂದು ಅಲ್ಲೇ ನಿಂತುಬಿಟ್ಟಳು.

ತೌನೊ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತಿದ್ದ. ತೂಬಿನ ಬಾಯಿಗೆ ಅಡ್ಡವಾಗಿ ನೀರಿನ ಮೇಲೆ ಒಂದು ಗಳ ತೇಲುತ್ತಿತ್ತು, ಅದರಿಂದ ಬಿಳಿಯ ಪರದೆಯೊಂದು ಮೊಳದುದ್ದ ನೀರಿಗೆ ಇಳಿಬಿದ್ದಿತ್ತು. ಒಣಗಿದ ಎಲೆ, ಹೊಟ್ಟು, ಕಡ್ಡಿ ಎಲ್ಲ ತೇಲಿ ಬಂದು ಪರದೆಗೆ ತಾಗಿ ನಿಲ್ಲುತ್ತಿದ್ದವು. ಅವನು ಉದ್ದ ಕೋಲಿಗೆ ಕಟ್ಟಿದ ಅಡುಗೆಮನೆಯ ಜರಡಿಯಿಂದ ಅದನ್ನೆಲ್ಲ ನಿಧಾನವಾಗಿ ಬಾಚಿ ಪಕ್ಕದ ಬಕೆಟ್ಟಿಗೆ ಸುರಿಯುತ್ತಿದ್ದ. ಅಂಥ ಬಕೆಟ್ಟುಗಳು ಅವನ ಹಿಂದೆ ಸಾಲಾಗಿ ತುಂಬಿ ನಿಂತಿದ್ದವು. ಇದಲೀನ ಬಗ್ಗಿ ಒಂದರಲ್ಲಿ ಬೆರಳಾಡಿಸಿದಳು. ಹೊಟ್ಟಿನ ನಡುವೆ ಕಂದು ಬಣ್ಣದ ಪುಟ್ಟ ಪುಟ್ಟ ಕಾಯಿಗಳು ಬೆರಳಿಗೆ ತಾಗಿದವು. ಬಂದಳಿಕೆಯ ಕಾಯಿಗಳು. ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು ಅವನ್ನು.

ಪರದೆಯ ಅಂಚಿನಲ್ಲಿ ನೀಲಿ ದಾರದ ಹಕ್ಕಿಗಳಿದ್ದವು. ಐಲಿಯ ಅಡುಗೆಮನೆಯ ಕಿಟಕಿಯದು. ಅದರ ಪಕ್ಕದಲ್ಲೇ ಇದಲೀನ ಬನ್ನು ತಿನ್ನುತ್ತಿದ್ದದ್ದು.

ಒಂದೇ ಹಲಗೆ ಯಾಕೆ ತೆಗೆದಿದ್ದಾನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೋರಾಗಿ ಬಿಟ್ಟರೆ ಸೆಳೆತಕ್ಕೆ ಬೀಜವೆಲ್ಲ ಪರದೆಯಡಿ ನುಸುಳಿ ಅವಳ ತೋಟಕ್ಕೆ ಹೋಗುತ್ತದೆ. ಅದಕ್ಕೇ ಸಣ್ಣ ನೀರು. ಅದಕ್ಕೇ ಹನ್ನೊಂದು ವರ್ಷದ ಸತಾವಣೆ. ಅವಳಿಗೆ ನಾಚಿಕೆಯಾಯಿತು. ತೌನೊ ತಲೆಯೆತ್ತಿ ಅವಳನ್ನು ನೋಡಿದ, ಮತ್ತೆ ನೀರು ನೋಡಿದ, ಜರಡಿ ಅದ್ದಿದ. ಅಷ್ಟರಲ್ಲಿ ಏರಿಯ ತುದಿಯಲ್ಲಿ ಕೊರಿನ್‌ಳ ಗಾಡಿ ನಿಂತ ಸದ್ದಾಯಿತು.

ಕೊರಿನ್ ಸಣ್ಣ ಪ್ರಾಯದವಳು, ಕೂಗಾಡುವವಳಲ್ಲ. ನಮಸ್ಕಾರ ಹೇಳಿದಳು, ತೂಬನ್ನು ನೋಡಿದಳು, ಪರದೆ ನೋಡಿದಳು, ಮುಖ ಸಣ್ಣದಾಯಿತು. ಈ ವಾರಗಳಲ್ಲಿ ಕೊಳದ ಹೆರಿಂಗ್ ಮೀನಿನ ಮರಿಗಳು ಸಮುದ್ರಕ್ಕೆ ಇಳಿಯುತ್ತವೆ, ತೂಬಿಗೆ ಬಲೆ ಬಟ್ಟೆ ಏನನ್ನೂ ಕಟ್ಟುವ ಹಾಗಿಲ್ಲ, ಅದು ಇಬ್ಬರ ಗುತ್ತಿಗೆಯಲ್ಲೂ ಮೊದಲ ಷರತ್ತು ಎಂದು ನೆನಪಿಸಿದಳು. ಪರದೆಯ ಕೆಳಗೆ ಜಾಗವಿತ್ತು, ಬೆಳ್ಳಿಯ ಬಣ್ಣದ ಮರಿಗಳು ಅಲ್ಲಿಂದ ದಾಟುತ್ತಿದ್ದದ್ದು ಮೂವರಿಗೂ ಕಾಣುತ್ತಿತ್ತು. ಆದರೂ ಷರತ್ತು ಷರತ್ತೇ, ಸಮಿತಿಗೆ ತಿಳಿಸಲೇಬೇಕು ಎಂದಳು.

"ಯಾರದು ಇದು?" ಎಂದು ಕೇಳಿದಳು.

ತೌನೊ ಮೊಣಕಾಲಿನ ಮೇಲೆ ಕೈಯೂರಿ ಏಳತೊಡಗಿದ. ಅವನು ಸುಳ್ಳು ಹೇಳುವ ಪೈಕಿಯಲ್ಲ. ಅವನ ಬಾಯಿಂದ ಒಂದು ಮಾತು ಹೊರಟರೆ ಮುಂದಿನ ತಿಂಗಳು ಈ ತೋಟ ಇಲ್ಲ. ತನ್ನ ಗುತ್ತಿಗೆಯೂ ಅದೇ ಸಭೆಯಲ್ಲಿದೆ ಎನ್ನುವುದು ಇದಲೀನಳಿಗೆ ಗೊತ್ತಿತ್ತು, ಆ ಗಳಿಗೆಯಲ್ಲೂ ಗೊತ್ತಿತ್ತು.

"ನನ್ನದು," ಎಂದಳು.

ಕೊರಿನ್ ಅವಳತ್ತ ತಿರುಗಿದಳು. "ನೀರು ಬಿಡ್ತಾ ಇಲ್ಲ ಅಂತ ಆಗಲೇ ಫೋನ್ ಮಾಡಿದ್ದು ನೀವೇ ಅಲ್ವಾ?"

"ನಾನೇ. ಬೀಜ ಬರಬಾರದು ಅಂತ ಪರದೆ ಕಟ್ಟಿಸಿದ್ದೂ ನಾನೇ, ನೀರು ನಿಧಾನ ಅಂತ ಬೈದಿದ್ದೂ ನಾನೇ. ನನಗೆ ತಲೆ ನೆಟ್ಟಗಿಲ್ಲ. ಬೇಕಾದ್ರೆ ಇವರನ್ನೇ ಕೇಳಿ."

ಕೊರಿನ್ ತೌನೊನನ್ನು ನೋಡಿದಳು. ತೌನೊ ಇದಲೀನಳನ್ನು ನೋಡಿದ, ಗೋಡೆಯನ್ನಲ್ಲ, ನೀರನ್ನಲ್ಲ, ಅವಳನ್ನೇ. ಬಹಳ ದಿನ ತೆರೆಯದ ಬಾಗಿಲಿನ ಹಾಗೆ ಅವನ ಗಂಟಲು ಮೊದಲು ಕಿರುಗುಟ್ಟಿತು.

"ನೆಟ್ಟಗಿಲ್ಲ," ಎಂದ. "ಹುಟ್ಟಿದಾಗಿಂದ ನೋಡ್ತಿದ್ದೀನಿ."

ಆಮೇಲೆ ಸೇರಿಸಿದ. "ಪರದೆ ಅವಳದೇ."

ಕೊರಿನ್ ನೀಲಿ ಹಕ್ಕಿಗಳನ್ನು ಒಂದು ಗಳಿಗೆ ದಿಟ್ಟಿಸಿದಳು. ದಡ್ಡಿಯಲ್ಲ ಅವಳು. ಹಾಗಾದರೆ ಫೊಂತೆಸ್ ಅವರ ಹೆಸರಿನಲ್ಲೇ ಸಮಿತಿಗೆ ತಿಳಿಸುತ್ತೇನೆ, ಗುತ್ತಿಗೆಯ ಮಾತು ಬಂದಾಗ ಖಂಡಿತ ಕೇಳುತ್ತಾರೆ, ಅನುಮತಿ ಇಲ್ಲದೆ ಯಾಕೆ ಕಟ್ಟಿದಿರಿ ಎನ್ನುವುದಕ್ಕೆ ಉತ್ತರ ಸಿದ್ಧಮಾಡಿಕೊಳ್ಳಿ ಎಂದಳು. ಪರದೆಯನ್ನು ಈಗಲೇ ತೆಗೆಯಬೇಕು ಎಂದೂ ಹೇಳಿದಳು. ಮೊದಲೇ ಕೇಳಿದ್ದರೆ ಬೇರೇನಾದರೂ ದಾರಿ ಹುಡುಕಬಹುದಿತ್ತು ಎಂದು ಗೊಣಗುತ್ತ ಹೋದಳು.

ಗಾಡಿ ಮರೆಯಾದ ಮೇಲೆ ಇಬ್ಬರೂ ನೀರಿಗಿಳಿದರು. ಗಳದ ಆ ತುದಿ ಅವನು, ಈ ತುದಿ ಅವಳು. ಒದ್ದೆ ಪರದೆ ಭಾರವಾಗಿತ್ತು. ತೌನೊ ಅದನ್ನು ಹಿಂಡಿ, ಅಂಚಿಗೆ ಅಂಚು ಕೂಡಿಸಿ ಮಡಚಿ ಅವಳ ತೋಳಿನ ಮೇಲಿಟ್ಟ.

"ಒಗೆದು ಇಸ್ತ್ರಿ ಮಾಡಿಡು. ಐಲಿ ಹಾಗೇ ಇಡ್ತಿದ್ಲು."

"ಇಡ್ತೀನಿ."

"ಈಗ ಬೀಜ ನಿನ್ನ ಕಡೆ ಬರುತ್ತೆ. ಮತ್ತೆ ಸಭೇಲಿ ಎದ್ದು ನಿಲ್ತೀಯ."

"ನಿಲ್ತೀನಿ," ಎಂದಳು ಇದಲೀನ. "ಇನ್ನೊಂದು ಜರಡಿ ಇದ್ಯಾ ನಿಮ್ಮ ಹತ್ರ?"

ಇತ್ತು. ಅವಳು ತೂಬಿನ ಆ ಮಗ್ಗುಲಲ್ಲಿ, ಅವನು ಈ ಮಗ್ಗುಲಲ್ಲಿ ನಿಂತು, ತೇಲಿ ಬರುವುದನ್ನೆಲ್ಲ ಬಾಚತೊಡಗಿದರು. ಒಬ್ಬನಿಂದ ಆಗದ್ದು ಇಬ್ಬರಿಂದ ಅರ್ಧಕ್ಕರ್ಧ ಆಗುತ್ತಿತ್ತು, ಉಳಿದದ್ದು ನುಸುಳಿಯೇ ನುಸುಳಿತು. ಶನಿವಾರದ ಲಾರಿಗೆ ತೋಟ ತುಂಬಬೇಕಾದರೆ ಇಷ್ಟು ಸಾಲದೆಂದು ಇಬ್ಬರಿಗೂ ಗೊತ್ತಿತ್ತು. ತೌನೊ ಜರಡಿ ಪಕ್ಕಕ್ಕಿಟ್ಟು, ಕೊಕ್ಕೆ ಹಾಕಿ ಇನ್ನೊಂದು ಹಲಗೆ ಎಳೆದ. ನೆನೆದು ಉಬ್ಬಿದ್ದ ಹಲಗೆ ಜಗ್ಗಲಿಲ್ಲ, ಅವಳೂ ಕೊಕ್ಕೆಗೆ ಕೈ ಹಾಕಿದಳು. ಹಲಗೆ ಬಂತು, ನೀರು ಧೋ ಎಂದು ಕೆಳಗಿನ ಕಾಲುವೆಗೆ ಬಿತ್ತು. ತಿರುವಿನಾಚೆಯಿಂದ ಜುಲ್ಮಿರ ಏನೋ ಕೂಗಿದ್ದು ಕೇಳಿಸಿತು.

ತೌನೊ ರೂಢಿಯಂತೆ ಹಲಗೆಯನ್ನು ಕಂಬಿಗೆ ಒರಗಿಸಲು ಹೋದ. ಪಕ್ಕದಲ್ಲೇ ನಿಂತಿದ್ದ ಇದಲೀನ ಕಣ್ಣಿಗೆ ಬಿದ್ದಳು. ಹಲಗೆಯನ್ನು ಹುಲ್ಲಿನ ಮೇಲೆ ಮಲಗಿಸಿದ.

"ನೀರು ಬಿಟ್ಟಿದ್ದೀನಿ," ಎಂದ.